ಬಣಕಲ್‌ನಲ್ಲಿ ಇಳಿದುಬಿಟ್ಟೆ

ಕಳಸ
ಬುಧವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಫೋನ್ ಮಾಡಬಹುದಿತ್ತು. ಆದರೆ ನೀನು "ಊಟ ಆಯ್ತೇನೆ?" ಅಂತ ಶುರು ಮಾಡಿದರೆ ನನಗೆ ಮಾತಾಡಲು ಸಂದಿಯೇ ಸಿಗುವುದಿಲ್ಲ. ಅದಕ್ಕೇ ಕಾಗದ. ಇದನ್ನು ಓದುವಾಗ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ ಎನ್ನುವುದೇ ನನಗೊಂದು ಖುಷಿ.

ನಿನ್ನೆ ನಾನು ದಾವಣಗೆರೆಗೆ ಹೊರಟಿದ್ದೆ. ಸೋತು, ಬ್ಯಾಗು ಹಿಡಿದುಕೊಂಡು, ನಮ್ಮ ಹೋಟೆಲಿನ ಕಾವಲಿ ಮುಂದೆ ಮತ್ತೆ ನಿಲ್ಲುವುದಕ್ಕೆ. ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಹೇಳುವ ಮೊದಲು ಯಾಕೆ ಹೊರಟೆ ಎಂದು ಹೇಳಬೇಕು.

ಕಾರ್ತಿಕದಲ್ಲಿ ನಾನು ಮನೆ ಬಿಡುವಾಗ ನೀನು ಅಂದ ಮಾತು ನಿನಗೆ ಮರೆತಿರಬಹುದು, ನನಗೆ ಮರೆತಿಲ್ಲ. ಇಪ್ಪತ್ತೆರಡು ವರ್ಷ ದೋಸೆ ಹುಯ್ದವಳು ನಾನು, ಹಿಟ್ಟು ಮುಟ್ಟಿದವಳು ನೀನು. ಅಕ್ಕಿ ಎಷ್ಟು, ಮಂಡಕ್ಕಿ ಎಷ್ಟು, ಉಪ್ಪು ಯಾವಾಗ, ಎಲ್ಲವೂ ನಿನ್ನದೇ ಕಾರುಬಾರು. ನಮ್ಮಲ್ಲಿ ಬೆಣ್ಣೆದೋಸೆ ತಿಂದ ಓಂಕಾರಮೂರ್ತಿಯವರು ಕೈ ತೊಳೆಯುತ್ತ, "ಕಳಸದ ಬಸ್‌ಸ್ಟ್ಯಾಂಡ್ ಹತ್ರ ನಂದೊಂದು ಅಂಗಡಿ ಖಾಲಿ ಇದೆ ನೋಡಿ, ನಿಮ್ಮಂಥೋರು ಬಂದ್ರೆ ಚೆನ್ನಾಗಿರ್ತಿತ್ತು" ಎಂದಾಗ ನಾನು ಹ್ಞೂಂ ಅಂದದ್ದೇ ನಿನಗೆ ನಗು. "ಹಿಟ್ಟಿನ ಹದ ಗೊತ್ತಿಲ್ದೋಳು ಹೋಟ್ಲು ಇಡ್ತಾಳಂತೆ! ಒಂದ್ ಚಳಿಗಾಲ ತೆಗಿಯಲ್ಲ ಬಿಡು ನೀನು" ಅಂದೆ. ಐವತ್ತು ತುಂಬಿದವಳಿಗೆ, ಗಿರಾಕಿಗಳ ಎದುರಿಗೇ ಅಂದೆ.

ಬಂದೆ. ಮೊದಲ ವಾರವೇ ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಗಟ್ಟಿಯಾಯಿತು. ಬೆಣ್ಣೆ ಚಮಚ ಬಿಟ್ಟು ಇಳಿಯುವುದಿಲ್ಲ. ಎದುರಿನ ಗುಡ್ಡ ಒಂಬತ್ತು ಗಂಟೆಯ ತನಕ ಕಾಣುವುದಿಲ್ಲ. ನನ್ನ ತೆಳ್ಳನೆಯ ಸ್ವೆಟರ್ ಇಲ್ಲಿಯ ಚಳಿಗೆ ಯಾವ ಲೆಕ್ಕಕ್ಕೂ ಇಲ್ಲ. ಕೂತಲ್ಲಿ ಕೂರಲಾಗುತ್ತಿರಲಿಲ್ಲ ಅಕ್ಕ. ಮಂಚವನ್ನು ನಾಲ್ಕೂ ಗೋಡೆಗೆ ಸರಿಸಿ ನೋಡಿದೆ. ನೀನು ಹಗ್ಗ ಕಟ್ಟಿಕೊಟ್ಟ ಟ್ರಂಕನ್ನು ಬಿಚ್ಚಲೇ ಇಲ್ಲ, ಬ್ಯಾಗಿನಲ್ಲಿದ್ದ ನಾಲ್ಕು ಸೀರೆಯಲ್ಲೇ ದಿನ ತೆಗೆದೆ. ಮೂಡಿಗೆರೆಗೆ ಯಾವ ಬಸ್ಸು ಎಷ್ಟು ಹೊತ್ತಿಗೆ ಎಂಬುದು ಮಾತ್ರ ಕಂಡಕ್ಟರುಗಳಿಗಿಂತ ಚೆನ್ನಾಗಿ ಬಾಯಿಪಾಠವಾಯಿತು.

ಹಿಟ್ಟು ಉಬ್ಬಲಿಲ್ಲ. ಒಂದು ದಿನವಲ್ಲ, ದಿನಾ. ಬೆಳ್ಳಗೆ, ಬಿರುಸಾಗಿ, ಒಂದು ತೂತೂ ಇಲ್ಲದ ದೋಸೆ. ನಮ್ಮೂರಾಗಿದ್ದರೆ ಯಾರಾದರೂ ತಟ್ಟೆ ಕುಕ್ಕಿ ಬೈಯುತ್ತಿದ್ದರು. ಇಲ್ಲಿಯವರು ಬೈಯುವುದೂ ಇಲ್ಲ. "ಚೆನ್ನಾಗಿತ್ತು ಅಕ್ಕಾ" ಎಂದು ಮೆತ್ತಗೆ ಹೇಳಿ ಹೋಗುತ್ತಾರೆ, ಮಾರನೆಯ ದಿನ ಬರುವುದಿಲ್ಲ. ಆ ಮಾತು ಕೇಳಿ ಕೇಳಿ ನನಗೆ ಅಳು ಬರುತ್ತಿತ್ತು. ನಿನ್ನನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಪ್ರಾಣ ಹೋದರೂ ಕೇಳಬಾರದು ಎಂಬ ಹಟ.

ಮೊನ್ನೆ ಸಂಜೆ ಪಕ್ಕದ ಮನೆಯ ಸಿದ್ದಗಂಗಮ್ಮನವರು ಕರಿಬೇವು ಕೇಳಲು ಬಂದರು. ಎಪ್ಪತ್ತು ದಾಟಿದ ಹೆಂಗಸು, ಕಣ್ಣು ಮಾತ್ರ ಚುರುಕು. ಅಡುಗೆಮನೆಯ ಮೂಲೆ ನೋಡಿ ನಿಂತೇಬಿಟ್ಟರು. ಅಲ್ಲಿ ನೀರು ತುಂಬಿದ ಟಬ್ಬು, ಅದರೊಳಗೆ ಹಿಟ್ಟಿನ ಪಾತ್ರೆ, ಮೇಲೊಂದು ಒದ್ದೆ ಬಟ್ಟೆ. "ಎಂಥ ಮಾರಾಯ್ತಿ ಇದು? ಈ ಚಳೀಲಿ ಹಿಟ್ಟಿಗೆ ತಣ್ಣೀರ್ ಸ್ನಾನ ಮಾಡ್ಸ್ತಿದೀಯಲ್ಲ!"

ನಿನ್ನ ಪದ್ಧತಿ ಅಕ್ಕ. ನಮ್ಮೂರಿನ ಸೆಖೆಗೆ ಹಿಟ್ಟು ಹುಳಿ ಹೊಡೆಯದಿರಲಿ ಎಂದು ನೀನು ಹಾಗೆ ಇಡುತ್ತಿದ್ದೆ. ಯಾಕೆ ಇಡುತ್ತೀಯ ಎಂದು ನಾನು ಒಂದು ದಿನವೂ ಕೇಳಿದವಳಲ್ಲ. ಕೈ ಹಾಕಿದರೆ ಬೆರಳು ಮರಗಟ್ಟುವ ನೀರಿನಲ್ಲಿ ದಿನಾ ಭಕ್ತಿಯಿಂದ ಅದ್ದಿಟ್ಟೆ! ಸಿದ್ದಗಂಗಮ್ಮನವರು ನಕ್ಕ ನಗುವಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನಮ್ ಬಚ್ಚಲೊಲೆ ಪಕ್ಕ ಇಟ್ಟಿರ್ತೀನಿ, ಬೆಳಿಗ್ಗೆ ಬಂದು ತಗೊಂಡ್ ಹೋಗು" ಎಂದು ಅವರೇ ಪಾತ್ರೆ ಎತ್ತಿಕೊಂಡು ಹೊರಟರು. ಅವರ ಮನೆಯಲ್ಲಿ ಸ್ನಾನದ ಹಂಡೆಯ ಒಲೆ ಚಳಿಗಾಲವಿಡೀ ಆರುವುದಿಲ್ಲ.

ಆದರೆ ನನ್ನ ಮನಸ್ಸು ಮುರಿದಿತ್ತು. ಇಷ್ಟು ಸಣ್ಣದೂ ತಿಳಿಯದವಳು ಹೋಟೆಲು ನಡೆಸುವುದುಂಟೇ? ನೀನು ಅಂದದ್ದೇ ಸರಿ. ಬೆಳಗಾದದ್ದೇ, ಟ್ರಂಕು ಆಮೇಲೆ ತರಿಸಿಕೊಂಡರಾಯಿತು ಎಂದುಕೊಂಡು, ಸಿದ್ದಗಂಗಮ್ಮನವರ ಬಾಗಿಲನ್ನು ಕಳ್ಳಿಯ ಹಾಗೆ ದಾಟಿ ಆರೂವರೆ ಬಸ್ಸು ಹತ್ತಿದೆ.

ಕೊಟ್ಟಿಗೆಹಾರದ ತನಕ ಕಿಟಕಿಯಾಚೆ ಬರೀ ಮಂಜು. ನೀನು "ಬಂದ್ಯಾ?" ಅನ್ನುತ್ತೀಯ, ಅಷ್ಟೇ ಅನ್ನುತ್ತೀಯ, ಅದನ್ನು ಹೇಗೆ ತಡೆದುಕೊಳ್ಳಲಿ ಎಂಬುದೊಂದೇ ಯೋಚನೆ. ಬಣಕಲ್‌ನಲ್ಲಿ ಕಾಫಿ ಕೊಯ್ಲಿಗೆ ಹೋಗುವ ಹೆಂಗಸರು ಹತ್ತಿದರು. ಒಬ್ಬಳ ಬುತ್ತಿಯಿಂದ ಹುಳಿ ಬಂದ ದೋಸೆಯ ವಾಸನೆ ಬಂತು ನೋಡು. ಆ ಹಿಟ್ಟು ಉಬ್ಬಿತೋ ಇಲ್ಲವೋ? ನಾನು ನೋಡಲೇ ಇಲ್ಲವಲ್ಲ! ಉಬ್ಬದಿದ್ದರೆ ನಿನ್ನ ಹತ್ತಿರ ಬರುವುದು ನ್ಯಾಯ. ನೋಡದೇ ಬಂದರೆ ಸಾಯುವ ತನಕ ನೆಮ್ಮದಿಯಿಲ್ಲ. ಎದ್ದುಬಿಟ್ಟೆ.

"ಎಂಥ ಮರ್ತ್ ಬಂದ್ರಿ ಅಮ್ಮಾ?" ಅಂದ ಕಂಡಕ್ಟರ್. "ಹಿಟ್ಟು" ಅಂದೆ. ಇಡೀ ಬಸ್ಸು ನಕ್ಕಿತು.

ದಿನಸಿ ಚೀಲಗಳ ನಡುವೆ ಜೀಪಿನಲ್ಲಿ ಕೂತು ವಾಪಸ್ ಬಂದೆ. ಆ ಜೀಪು ಕೈ ಅಡ್ಡ ಹಾಕಿದವರಿಗೆಲ್ಲ ನಿಲ್ಲುತ್ತಿತ್ತು, ಇಳಿದು ಓಡೋಣವೇ ಅನ್ನಿಸಿತು. ಸಿದ್ದಗಂಗಮ್ಮನವರ ಬಚ್ಚಲಿಗೆ ನುಗ್ಗಿದರೆ, ಪಾತ್ರೆಯ ಮುಚ್ಚಳ ಒಂದು ಕಡೆ ಎದ್ದಿತ್ತು. ಹಿಟ್ಟು ಅಂಚು ದಾಟಿ ಒಲೆಯ ಬೂದಿಗೆ ಇಳಿದಿತ್ತು. ಅರ್ಧವನ್ನು ಬೇರೆ ಪಾತ್ರೆಗೆ ತೆಗೆದಿಟ್ಟು ಅವರು ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತಿದ್ದರು. ನನ್ನ ಕೈಯ ಬ್ಯಾಗು ನೋಡಿದರು. "ನಿನ್ ಹಿಟ್ಟು ಕಾಯೋದೇ ಆಯ್ತಲ್ಲ ನಂಗೆ. ಕಾವಲಿ ಇಡು, ಹಸಿವಾಗ್ತಿದೆ" ಅಂದರು.

ಕಾವಲಿ ಇಟ್ಟು ಹುಯ್ದೆ. ತೂತು ಬಿತ್ತು ಅಕ್ಕ, ದೋಸೆಯ ತುಂಬ! ಅಂಚು ಕೆಂಪಗಾಯಿತು. ನಿನ್ನದಕ್ಕಿಂತ ಹುಳಿ ಒಂದು ಚೂರು ಮುಂದು. ಸಿದ್ದಗಂಗಮ್ಮನವರು ಚೆನ್ನಾಗಿದೆ ಅನ್ನಲಿಲ್ಲ. ಮೂರು ತಿಂದು ನಾಲ್ಕನೆಯದು ಕೇಳಿದರು.

ಇವತ್ತು ಬೆಳಿಗ್ಗೆ ಟ್ರಂಕು ಬಿಚ್ಚಲು ಕೂತೆ. ಅದೇನು ಗಂಟು ಹಾಕಿದ್ದೆ ಮಾರಾಯ್ತಿ, ಉಗುರು ಮುರಿಯಿತು. ಮುಚ್ಚಳ ತೆಗೆದರೆ ಎಲ್ಲದರ ಮೇಲೆ ಅವ್ವನ ಕರಿ ಕಂಬಳಿ. ಯಾರಿಗೂ ಮುಟ್ಟಗೊಡದೆ ನೀನೇ ಹೊದೆಯುತ್ತಿದ್ದೆಯಲ್ಲ, ಅದೇ ಕಂಬಳಿ. ಒಂದು ಚಳಿಗಾಲ ತೆಗೆಯುವುದಿಲ್ಲ ಎಂದು ಬಾಯಲ್ಲಿ ಅಂದವಳು ಕೈಯಲ್ಲಿ ಇದನ್ನು ಮಡಿಸಿಟ್ಟಿದ್ದೆಯಾ? ಎರಡು ತಿಂಗಳು ಅದರ ಪಕ್ಕದಲ್ಲೇ ನಡುಗುತ್ತ ನಿನ್ನನ್ನು ಬೈದುಕೊಂಡೆನಲ್ಲ ಅಕ್ಕ. ಹಿಟ್ಟಿನ ಹದ ನನಗೆ ಕಲಿಸದೇ ಇದ್ದದ್ದು, ಕಲಿತರೆ ಹೋಗಿಬಿಡುತ್ತಾಳೆ ಎಂಬ ಹೆದರಿಕೆಗಲ್ಲವೇ? ನಿಜ ಹೇಳು. ನನಗೆ ಸಿಟ್ಟಿಲ್ಲ.

ಕಾಲು ಇನ್ನೂ ಒಂದು ಕಡೆ ನಿಲ್ಲುವುದಿಲ್ಲ. ಆರೂವರೆ ಬಸ್ಸಿನ ಹಾರ್ನ್ ಕೇಳಿದರೆ ಈಗಲೂ ಎದ್ದು ನಿಲ್ಲುತ್ತೇನೆ. ಆದರೆ ನಾಳೆಗೆ ಅಕ್ಕಿ ನೆನೆಹಾಕಿದ್ದೇನೆ. ಮಾಘದಲ್ಲಿ ಎರಡು ದಿನ ಹೋಟೆಲು ಮುಚ್ಚಿ ಬಾ. ನೀನು ಕೂತು ತಿನ್ನಬೇಕು, ನಾನು ಹುಯ್ಯಬೇಕು. ಹೊದೆಯಲು ಏನೂ ತರಬೇಡ. ಕಂಬಳಿ ಇಬ್ಬರಿಗೆ ಸಾಕು.

ಮಂಡಿಗೆ ಎಣ್ಣೆ ಹಚ್ಚುವುದು ಮರೆಯಬೇಡ. ಎರಡು ಊರಲ್ಲೂ ನಮ್ಮ ಒಲೆ ಆರದಿರಲಿ.

ಇನ್ನೂ ಚಳಿಗಾಲ ತೆಗೆಯುತ್ತಿರುವ ನಿನ್ನ ತಂಗಿ,
ಪ್ರೇಮಕುಮಾರಿ