ಬೈಬಲ್ ಚೀಲದ ಕೆಳಜೇಬು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 11

ಬಾಟಲಿಗಳಿಗೆ ಲೇಬಲ್ ಅಂಟಿಸಿ ಮುಗಿಯಿತು. ಅರವತ್ತೆರಡರಲ್ಲಿ ಒಂಬತ್ತು ಸೊಟ್ಟ. ತಪ್ಪು ನನ್ನದಲ್ಲ. ಎದುರಿಗೆ ಇವರು ಕೂತು ಮೇಣ ಕೆರೆಯುತ್ತಾ ನಗುತ್ತಿದ್ದರೆ ಯಾರ ಕೈ ನೆಟ್ಟಗಿರುತ್ತದೆ? ಮದುವೆಯಾಗಿ ಇವತ್ತಿಗೆ ಹತ್ತೊಂಬತ್ತು ದಿನ!! ಇನ್ನೂ ಇವರು ಹೆಸರು ಹಿಡಿದು ಕರೆದರೆ ಹಿಂದೆ ತಿರುಗಿ ನೋಡುತ್ತೇನೆ, ಬೇರೆ ಯಾರನ್ನೋ ಕರೆದರೇನೋ ಎಂದು. ನನ್ನ ಜೇನುಸಾಹೇಬರು. (ಈ ಹೆಸರು ಇಲ್ಲಿ ಮಾತ್ರ. ಎದುರಿಗೆ ಬರೀ 'ರೀ'.)

ಈ ಮನೆಯ ಬೆಳಗು ಸ್ಕೂಲ್ ಅಸೆಂಬ್ಲಿ ಇದ್ದ ಹಾಗೆ. ಎಂಟು ಗಂಟೆಗೆ ಎಲ್ಲರೂ ಹಿತ್ತಲಿನಲ್ಲಿ, ಜೇನುಪೆಟ್ಟಿಗೆಗಳ ನಡುವೆ ನಿಲ್ಲಬೇಕು. ಮಾವ ದೊಡ್ಡ ಬೈಬಲ್ ಓದುತ್ತಾರೆ. ಆಮೇಲೆಯೇ ಪೆಟ್ಟಿಗೆ ತೆರೆಯುವುದು. ಬೈಬಲ್ಲಿಗೆ ಕಂದು ಬಣ್ಣದ ಜಿಪ್ ಚೀಲ. ಮೇಲಿನ ಜೇಬಿನಲ್ಲಿ ಮಾವನ ಕನ್ನಡಕ, ಮೋಟು ಪೆನ್ಸಿಲ್. ಅವರು ಹೋದಲ್ಲೆಲ್ಲ ಆ ಚೀಲ. ಅತ್ತೆ ಹೇಳುತ್ತಾರೆ, "ನನ್ನ ಮರೆತು ಬಸ್ ಹತ್ತಿದ್ದಾರೆ ಎರಡು ಸಲ. ಚೀಲ ಮರೆತಿಲ್ಲ."

ಶನಿವಾರ ನನ್ನ ಸರದಿ. ಮನೆಗೆ ಬಂದ ಹೊಸಬರು ತಮ್ಮ ಪೆಟ್ಟಿಗೆಯನ್ನು ತಾವೇ ತೆರೆಯಬೇಕಂತೆ, ಮುಖಕ್ಕೆ ಬಲೆ ಇಲ್ಲದೆ. ಇವರು ನನ್ನ ಪೆಟ್ಟಿಗೆಗೆ ಹಳದಿ ಬಳಿದಿದ್ದಾರೆ. ಎಷ್ಟು ಮುದ್ದಾಗಿದೆ!

'ಬಲೆ ಇಲ್ಲದೆ' ಎಂಬುದನ್ನು ಮಾತ್ರ ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. 

ಮಾರ್ಚ್ 8, ಶನಿವಾರ. ಬೆಳಿಗ್ಗೆ 10

ಬಾತ್‌ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಚಿಲಕ ಹಾಕಿದೆ.

ಮೊದಲು ಚಂದದ್ದು. ಪೆಟ್ಟಿಗೆಯೊಳಗಿನ ಮೇಣದ ಚೌಕಟ್ಟು ಎತ್ತಿ ಬಿಸಿಲಿಗೆ ಹಿಡಿದಾಗ — ಓ ದೇವರೇ! ಸಾವಿರಾರು ಮನೆ, ಒಂದೊಂದಕ್ಕೂ ಆರು ಗೋಡೆ, ಒಂದೇ ಅಳತೆ. ಸ್ಕೇಲಿಲ್ಲ, ಕಂಪಾಸಿಲ್ಲ. ಜಾಮಿಟ್ರಿಯಲ್ಲಿ ನನಗೆ ಬಂದದ್ದು ನಲವತ್ತೊಂದು! ಪ್ರತಿ ಗೂಡನ್ನೂ ಕೂದಲೆಳೆಯಷ್ಟು ಮೇಲಕ್ಕೆ ವಾಲಿಸಿ ಕಟ್ಟುತ್ತವಂತೆ, ಜೇನು ಚೆಲ್ಲಬಾರದೆಂದು. ಕಲಿಸಿದವರು ಯಾರು? ಹುಟ್ಟಿ ಆರು ವಾರಕ್ಕೆ ಸಾಯುವ ಹುಳಕ್ಕೆ ಕಲಿಯಲು ಪುರುಸೊತ್ತೆಲ್ಲಿ?

ಮಾವ ಅಂದರು: "ಇದು ತಾನಾಗೇ ಆಯ್ತು ಅನ್ನೋರ ಹತ್ರ ನಾನಂತೂ ಮನೆ ಕಟ್ಟಿಸ್ಕೊಳ್ಳಲ್ಲ ಮಗಳೇ. ಗೋಡೆನೂ ತಾನಾಗೇ ಏಳ್ಲಿ ಅಂತ ಕಾಯ್ತಾ ಕೂರ್ತಾರೆ."

ಮೊದಲ ಪಾಠ: ಪೆಟ್ಟಿಗೆಯ ಬಾಯಿಯ ಮುಂದೆ ಓಡಬಾರದು. ಅದು ಅವುಗಳ ಹೈವೇ. ಹಿಂದಿನಿಂದ, ನಿಧಾನವಾಗಿ. ತಲೆಯಾಡಿಸಿದೆ, ಜಾಣ ವಿದ್ಯಾರ್ಥಿನಿಯ ಹಾಗೆ.

ಆಮೇಲೆ ಒಂದು ಜೇನು ಮಣಿಕಟ್ಟಿಗೆ ಕುಟುಕಿತು. ಎಲ್ಲರೂ ಚಪ್ಪಾಳೆ! ಇವರು ಉಗುರಿನಿಂದ ಮುಳ್ಳು ಕೆರೆದು ತೆಗೆದು, "ಸಹಿ ಬಿತ್ತು. ಇನ್ನು ನೀನು ಈ ಮನೆಯವಳು" ಅಂದರು. ನಗುತ್ತಲೇ ಒಳಗೆ ಬಂದೆ.

ಹತ್ತು ನಿಮಿಷಕ್ಕೆ ಅಂಗೈ ತುರಿಕೆ. ಹೊಟ್ಟೆ ಮೇಲೆ, ತೊಡೆ ಮೇಲೆ ಕೆಂಪು ದದ್ದು. ಕನ್ನಡಿಯಲ್ಲಿ ತುಟಿ ಯಾರದೋ ತುಟಿ. ಗಂಟಲಲ್ಲಿ ಬಟ್ಟೆ ಸಿಕ್ಕಿಸಿದಂತೆ. ಅಲರ್ಜಿ ಮಾತ್ರೆ ಎರಡು ನುಂಗಿದೆ. ಒಂದು ಗಂಟೆಯಾಯಿತು. ಈಗ ಇಳಿಯುತ್ತಿದೆ.

ಇದು ಹೊಸದಲ್ಲ. ಒಂಬತ್ತು ವರ್ಷದವಳಿದ್ದಾಗ ಶಾಲೆಯಲ್ಲಿ ಜೇನು ಕುಟುಕಿ ಕೈ ಭುಜದವರೆಗೆ ಊದಿತ್ತು. ಇವರು ನನ್ನನ್ನು ನೋಡಲು ಬಂದ ದಿನ ಕೇಳಿದ ಒಂದೇ ಪ್ರಶ್ನೆ: "ಜೇನು ಅಂದ್ರೆ ಭಯ ಇಲ್ಲ ತಾನೇ?"

"ಛೇ, ಒಂಚೂರೂ ಇಲ್ಲ!" ಎಂದಿದ್ದೆ. ಕಣ್ಣು ಅಷ್ಟು ಚಂದ ಇತ್ತು. ಏನು ಮಾಡಲಿ?

ಮಾರ್ಚ್ 9, ಭಾನುವಾರ

ಚರ್ಚಿನಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗ ನಾನು ತೆರೆದೇ ಇದ್ದೆ. ಕಿಟಕಿಯ ಗಾಜಿನ ಮೇಲೆ ಏನೋ ಹರಿದಾಡುತ್ತಿತ್ತು. ನೊಣ. ಬರೀ ನೊಣ.

ಮಾರ್ಚ್ 12, ಬುಧವಾರ. ಸಂಜೆ 5

ಟೈಲರ್ ಹತ್ತಿರ ಹೋಗುತ್ತೇನೆಂದು ಹೇಳಿ ಡಾಕ್ಟರ್ ಹತ್ತಿರ ಹೋದೆ. ದಪ್ಪ ಕನ್ನಡಕದ ಹೆಂಗಸು, ನಗುವುದಕ್ಕೆ ಫೀಸ್ ಬೇರೆ ಇರಬೇಕು. ಎಲ್ಲ ಕೇಳಿದರು. ಬರೆದುಕೊಂಡರು.

"ಮುಂದಿನ ಸಲ ಇಷ್ಟಕ್ಕೇ ನಿಲ್ಲುತ್ತೆ ಅಂತ ಹೇಳೋಕಾಗಲ್ಲ. ಗಂಟಲು ಮುಚ್ಚಬಹುದು. ಆಸ್ಪತ್ರೆಗೆ ಹೋಗೋಷ್ಟು ಟೈಮ್ ಸಿಗದೇ ಇರಬಹುದು. ಇಪ್ಪತ್ತು ನಿಮಿಷ ಅಂತ ಇಟ್ಕೊಳ್ಳಿ. ಜೇನು ಇರೋ ಕಡೆ ಹೋಗಲೇಬೇಡಿ. ಗಂಡ ಏನ್ಮಾಡ್ತಾರೆ?"

"...ಜೇನು ಸಾಕ್ತಾರೆ."

ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ನಾನು ಹಲ್ಲು ಕಿರಿದೆ.

ಇಂಜೆಕ್ಷನ್ ಪೆನ್ ಒಂದನ್ನು ಕೊಟ್ಟಿದ್ದಾರೆ. ಮಾರ್ಕರ್ ಪೆನ್ ಗಾತ್ರ. ನೀಲಿ ಮುಚ್ಚಳ ತೆಗೆದು ತೊಡೆಯ ಹೊರಬದಿಗೆ ಒತ್ತಬೇಕು, ಬಟ್ಟೆ ಇದ್ದರೂ ಪರವಾಗಿಲ್ಲ, ಹತ್ತು ಎಣಿಸಬೇಕು. ಸದಾ ಹತ್ತಿರ ಇರಬೇಕು. "ಮನೆಯಲ್ಲಿ ಎಲ್ಲರಿಗೂ ಹೇಳಿ, ತೋರಿಸಿ. ಇವತ್ತೇ."

"ಹೇಳ್ತೀನಿ ಡಾಕ್ಟರ್." ಟೈಲರ್ ಸೇರಿಸಿದರೆ ಇದು ಮೂರನೆಯ ಸುಳ್ಳು.

ಹೇಳಿದರೆ? ನಲವತ್ತು ಪೆಟ್ಟಿಗೆ. ಮಾವ ಕಟ್ಟಿದ್ದು, ಇವರು ಬೆಳೆಸಿದ್ದು. ಒಂದೋ ಪೆಟ್ಟಿಗೆ ಹೋಗಬೇಕು, ಇಲ್ಲ ನಾನು. ಇವರು ಪೆಟ್ಟಿಗೆಯನ್ನೇ ಕಳಿಸಿಬಿಡುತ್ತಾರೆ, ನನಗೆ ಗೊತ್ತು, ಅದೇ ಭಯ. ಆಮೇಲೆ ಜೀವನವಿಡೀ ಖಾಲಿ ಹಿತ್ತಲು ನೋಡಿ ನನ್ನನ್ನು ನೋಡುತ್ತಾರೆ. ಬಿಸಿತುಪ್ಪ — ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಪೆನ್ ಎಲ್ಲಿಡಲಿ? ಅಲಮಾರು ಇಬ್ಬರದು. ನನ್ನ ಬಟ್ಟೆಗೆ ಜೇಬಿಲ್ಲ. ಆಗ ಹೊಳೆಯಿತು: ಬೈಬಲ್ ಚೀಲ! ಕೆಳಗೊಂದು ಜೇಬಿದೆ, ಯಾರೂ ಮುಟ್ಟುವುದಿಲ್ಲ. ದಿನಾ ಬೆಳಿಗ್ಗೆ ಪೆಟ್ಟಿಗೆಗಳ ಹತ್ತಿರ ಬರುತ್ತದೆ, ಉಳಿದ ಹೊತ್ತು ನಡುಮನೆಯ ಮೇಜಿನ ಮೇಲೆ. ಡಾಕ್ಟರ್ ಚೀಟಿಯಲ್ಲೇ ಸುತ್ತಿ ಒಳಗಿಟ್ಟೆ. ಎಂಥ ಬುದ್ಧಿ ನನ್ನದು!

ಮಾರ್ಚ್ 15, ಶನಿವಾರ. ಬೆಳಿಗ್ಗೆ 10

ಫ್ರಿಜ್ ಗುಂಯ್ ಎಂದರೆ ಎದೆ ಧಸಕ್ಕೆನ್ನುತ್ತದೆ. ಫ್ಯಾನ್ ಶಬ್ದ. ಪಕ್ಕದ ಬೀದಿಯ ಸ್ಕೂಟರ್. ಉದ್ದ ತೋಳು, ಕಾಲುಚೀಲ, ತಲೆಗೆ ಬಟ್ಟೆ.

"ಈ ಸೆಖೆಲಿ ಕಾಲುಚೀಲ ಯಾಕಮ್ಮಾ?" ಅತ್ತೆ.

"ಹಿಮ್ಮಡಿ ಒಡೆದಿದೆ ಅತ್ತೆ."

ನಾಲ್ಕನೆಯದು. ಸುಳ್ಳುಗಳೂ ಜೇನಿನ ಹಾಗೆ, ಒಂದು ಬಂದರೆ ಹಿಂಡೇ ಬರುತ್ತದೆ.

ನಿನ್ನೆ ಇವರು ಬಂದು ಅಪ್ಪಿಕೊಂಡಾಗ ಕಾಲರ್ ಮೇಲೆ ಒಂದು ಜೇನಿತ್ತು. ಕಿರುಚಿಬಿಟ್ಟೆ. "ಏನಾಯ್ತೇ?" "ಜಿರಲೆ!" ಪಾಪ, ಅರ್ಧ ಗಂಟೆ ಸೋಫಾ ಕೆಳಗೆ ಜಿರಲೆ ಹುಡುಕಿದರು.

ಇವತ್ತು ಓದು ಮುಗಿದ ಮೇಲೆ ತಡೆಯಲಾರದೆ ಕೇಳಿದೆ. "ಮಾವ, ಇಷ್ಟು ಚಂದ ಮನೆ ಕಟ್ಟೋ ಹುಳಕ್ಕೆ ದೇವರು ವಿಷ ಯಾಕಿಟ್ಟ?"

"ಮುಳ್ಳಿಲ್ದೆ ಇದ್ರೆ ಎಲ್ರೂ ದೋಚ್ಕೊಂಡು ಹೋಗಿರೋರು. ನಾವೇ ಮೊದ್ಲು. ಕುಟುಕಿದ ಮೇಲೆ ಅದೂ ಸಾಯತ್ತೆ ಮಗಳೇ, ಸುಮ್‌ಸುಮ್ನೆ ಕುಟುಕಲ್ಲ." ಸ್ವಲ್ಪ ಹೊತ್ತು ನನ್ನ ಕಾಲುಚೀಲ ನೋಡಿದರು. "ಯಾಕೆ, ಹೆದರಿಕೆನಾ?"

"ಇಲ್ಲಪ್ಪ!"

"ಇದ್ರೆ ತಪ್ಪಿಲ್ಲ. ಈ ಪುಸ್ತಕದಲ್ಲಿ ಭಯಪಡಬೇಡ ಅನ್ನೋ ಮಾತು ಮತ್ತೆ ಮತ್ತೆ ಬರತ್ತೆ. ಯಾರಿಗೆ ಹೇಳಿದ್ದು? ಹೆದರ್ಕೊಂಡೋರಿಗೇ. ಧೈರ್ಯ ಇರೋರಿಗೆ ಅದ್ರ ಕೆಲ್ಸ ಏನು?"

ಆಗಲೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಇವರು ಹಿಂದಿನಿಂದ ಕೂಗಿದರು — ಹಳದಿ ಪೆಟ್ಟಿಗೆಯಲ್ಲಿ ರಾಣಿ ಮೊಟ್ಟೆ ಇಟ್ಟಿದ್ದಾಳೆ, ಬಾ, ಬಾ! ಮುಖದಲ್ಲಿ ಎಷ್ಟು ಖುಷಿ. ನುಂಗಿದೆ.

ಮಾರ್ಚ್ 24, ಸೋಮವಾರ

ಒಂಬತ್ತು ದಿನ ಬರೆದಿಲ್ಲ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಭಯ.

ರಾತ್ರಿ ಇವರ ಉಸಿರು ಕೇಳುತ್ತಾ ನನ್ನ ಉಸಿರು ಎಣಿಸುತ್ತೇನೆ. ಪ್ರಾರ್ಥನೆಗೆ ಕೂತರೆ ಒಂದೇ ಯೋಚನೆ: ನಂಬಿಕೆ ಇರುವವಳಿಗೆ ಪೆನ್ ಯಾಕೆ? ಪೆನ್ ಇಟ್ಟುಕೊಂಡವಳು ನಂಬಿದ್ದು ಯಾರನ್ನು? ಚೀಲದೊಳಗೆ ದೇವರ ವಾಕ್ಯ, ಕೆಳಜೇಬಿನಲ್ಲಿ ಪೆನ್. ನಡುವೆ ನಾನು.

ಗುರುವಾರ ಹೇಳುತ್ತೇನೆ. ಖಂಡಿತ.

ಮಾರ್ಚ್ 27, ಗುರುವಾರ. ಬೆಳಿಗ್ಗೆ 9.40

ಮಾವ ಹೊರಟರು. ಅವರ ತಂಗಿಗೆ ಹುಷಾರಿಲ್ಲ, ಎರಡು ದಿನ ಅಲ್ಲೇ. ಇವರು ಬಾಟಲಿ ಕೊಟ್ಟು ಬರಲು ಪೇಟೆಗೆ ಹೋಗಿದ್ದಾರೆ, ಹತ್ತೂವರೆಗೆ ಬರುತ್ತಾರೆ. ಬಂದ ಕೂಡಲೇ ಹೇಳುತ್ತೇನೆ. ಮೊದಲು ಪೆನ್ ಕೈಗೆ ತೆಗೆದುಕೊಂಡು, ಅದನ್ನು ತೋರಿಸುತ್ತಲೇ ಹೇಳುವುದು ಸುಲಭ. ಒಂದು ನಿಮಿಷ, ನಡುಮನೆಗೆ ಹೋಗಿ ತರುತ್ತೇನೆ.

9.45

ಚೀಲ ಇಲ್ಲ. ಮಾವ ತೆಗೆದುಕೊಂಡು ಹೋಗಿದ್ದಾರೆ. ಅವರು ಅದನ್ನು ಬಿಟ್ಟು ಹೋದದ್ದು ಯಾವಾಗ! ದಡ್ಡಿ, ದಡ್ಡಿ. ಫೋನ್ — ಅವರದು ಚಾರ್ಜರ್‌ನಲ್ಲೇ ಇದೆ. ಬಸ್ ಹತ್ತು ಗಂಟೆಗೆ. ಹಿತ್ತಲ ಬಾಗಿಲಿನಿಂದ ಹೋದರೆ ಸಿಕ್ಕಬಹುದು, ಓಡಿ

ಏಪ್ರಿಲ್ 2, ಬುಧವಾರ. ಬೆಳಿಗ್ಗೆ

 ಅಕ್ಷರ ಕೋಳಿ ಕೆದರಿದ ಹಾಗಿದೆ. ಆದರೂ ಎಲ್ಲ ಬರೆದಿಡಬೇಕು.

ಓಡಿದೆ. ಪೆಟ್ಟಿಗೆಗಳ ಬಾಯಿಯ ಮುಂದಿನಿಂದಲೇ. ಮೊದಲ ದಿನ ಕಲಿತ ಮೊದಲ ಪಾಠ! ತಲೆಯ ಬಟ್ಟೆ ಹಾರಿಹೋಯಿತು. ಕೂದಲಲ್ಲಿ ಒಂದು ಸಿಕ್ಕಿ ಗುಂಯ್‌ಗುಟ್ಟಿತು, ಕೊಡವಿದೆ, ಕತ್ತಿನಲ್ಲಿ ಕುಟುಕಿತು. ಇನ್ನೊಂದು ಕಿವಿಯ ಹಿಂದೆ. ನಿಲ್ಲಲಿಲ್ಲ. ಹಿಂದಿನಿಂದ ಅತ್ತೆ ಕೂಗುತ್ತಿದ್ದರು. ಗೇಟು, ಓಣಿ, ಸೈಕಲ್ ರಿಪೇರಿ ಅಂಗಡಿ. ಅಲ್ಲಿಗೆ ಬರುವಷ್ಟರಲ್ಲಿ ಅಂಗೈ ಉರಿ. ನಾಲಿಗೆ ದಪ್ಪ. ಗಾಳಿ ಒಳಗೆ ಹೋಗುತ್ತಿಲ್ಲ, ಸೀಟಿ ಊದಿದ ಹಾಗೆ ಶಬ್ದ, ಅದು ನನ್ನದೇ ಎಂದು ತಿಳಿಯಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕುಸಿದೆ. ಇಪ್ಪತ್ತು ನಿಮಿಷ, ಇಪ್ಪತ್ತು ನಿಮಿಷ ಎಂದಷ್ಟೇ ತಲೆಯಲ್ಲಿ. ಬೈಬಲ್ಲಿನ ಒಂದೇ ಒಂದು ವಾಕ್ಯ ನೆನಪಿಗೆ ಬರಲಿಲ್ಲ. ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ಒಂದೂ. 'ಅಪ್ಪಾ' ಎಂದು ಮಾತ್ರ ಬಂತು, ಒಳಗೇ. ನನ್ನ ಅಪ್ಪನನ್ನು ಕರೆದದ್ದಲ್ಲ ಅದು, ಮೇಲಿನವನನ್ನು.

ಆಗ ಓಣಿಯ ತಿರುವಿನಲ್ಲಿ ಮಾವ.

ಓಡಿ ಬರುತ್ತಿದ್ದರು. ಅರವತ್ತೆಂಟು ವಯಸ್ಸು, ಮಂಡಿನೋವು, ಜೀವನದಲ್ಲಿ ಯಾವತ್ತೂ ಬಸ್ಸಿಗೂ ಓಡದ ಮನುಷ್ಯ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಪೆನ್ ಮತ್ತು ಚೀಟಿ.

ಆಮೇಲೆ ಅವರೇ ಹೇಳಿದ್ದು: ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಓದೋಣವೆಂದು ಚೀಲ ತೆರೆದರು. ಆತುರದಲ್ಲಿ ಹೊರಟ ದಿನ, ಬೆಳಗಿನ ಓದು ಅರ್ಧಕ್ಕೇ ನಿಂತಿತ್ತು. ಅದನ್ನು ಅರ್ಧಕ್ಕೆ ಬಿಟ್ಟು ಅವರಿಗೆ ಗೊತ್ತೇ ಇಲ್ಲ. ಚೀಲ ತೊಡೆಯ ಮೇಲೆ ಇಟ್ಟರೆ ಕೆಳಗೆ ಏನೋ ಗಟ್ಟಿಯಾಗಿ ಒತ್ತಿತು. ತೆಗೆದರು. ಚೀಟಿಯಲ್ಲಿ ನನ್ನ ಹೆಸರು, ಕೆಳಗೆ 'ಜೇನು ಕುಟುಕಿದರೆ ತಕ್ಷಣ' ಎಂದು. ಬಸ್ ಬಂತು, ಹತ್ತಲಿಲ್ಲ.

ಚೀಟಿಯ ಅಕ್ಷರ ಸಣ್ಣದು. ಅವರು ಕನ್ನಡಕ ಹಾಕಿಕೊಂಡು, ದಿನಾ ಪೆಟ್ಟಿಗೆಗಳ ನಡುವೆ ನಿಂತು ಓದುವ ಅದೇ ಧ್ವನಿಯಲ್ಲಿ, ಜೋರಾಗಿ ಓದಿದರು: "ನೀಲಿ ಮುಚ್ಚಳ ತೆಗೆಯಿರಿ. ತೊಡೆಯ ಹೊರಭಾಗಕ್ಕೆ ಒತ್ತಿರಿ." ಒತ್ತಿದರು. ಎಣಿಸಿದರು. ಧ್ವನಿ ಒಂದಿಷ್ಟೂ ಅದುರಲಿಲ್ಲ.  ಏಳು, ಎಂಟು, ಒಂಬತ್ತು...

ಸೈಕಲ್ ಅಂಗಡಿಯವನು ಆಸ್ಪತ್ರೆಗೆ ಫೋನ್ ಮಾಡಿದನಂತೆ. ಆಂಬುಲೆನ್ಸ್ ಬರುವಷ್ಟರಲ್ಲಿ ಗಾಳಿ ಒಳಗೆ ಹೋಗುತ್ತಿತ್ತು.

ಏಪ್ರಿಲ್ 4, ಶುಕ್ರವಾರ

ಆಸ್ಪತ್ರೆಯಲ್ಲಿ ಎರಡು ದಿನ ಇವರು ಮಾತಾಡಲಿಲ್ಲ. ಮನೆಗೆ ಬಂದ ಮೇಲೂ ಇಲ್ಲ. ಹಣ್ಣು ಹೆಚ್ಚಿ ಕೊಡುತ್ತಾರೆ, ದಿಂಬು ಸರಿಮಾಡುತ್ತಾರೆ, ಬಾಯಿಗೆ ಬೀಗ. ಕುಟುಕಿಗಿಂತ ಇದು ಜಾಸ್ತಿ ಹೆದರಿಕೆ.

ಇವತ್ತು ಕೊನೆಗೂ. "ಇಪ್ಪತ್ತು ನಿಮಿಷ ಅಂತ ಹೇಳಿದ್ರಂತೆ ಡಾಕ್ಟರ್. ಹದಿನೈದು ದಿನ ಅದನ್ನ ಒಬ್ಳೇ ಇಟ್ಕೊಂಡಿದ್ಯಾ? ನಾನು ಪಕ್ಕದಲ್ಲೇ ಮಲಗಿದ್ದೆ ಕಣೇ."

"ನಿಮ್ಮ ಪೆಟ್ಟಿಗೆ ಹೋಗುತ್ತೆ ಅಂತ..."

"ಪೆಟ್ಟಿಗೆ ಮತ್ತೆ ಮಾಡಬಹುದು. ಮರಗೆಲಸ ನಂಗೆ ಬರತ್ತೆ. ನಿನ್ನ ಮಾಡೋಕೆ ಬರತ್ತಾ?" ಎದ್ದು ಹೊರಗೆ ಹೋದರು. ಬಾಗಿಲ ಆಚೆ ಮೂಗು ಸೀಟಿಕೊಂಡ ಶಬ್ದ.

ಮಾವ ಬಂದರು. ಎಲ್ಲ ಹೇಳಿದೆ: ನೋಡಲು ಬಂದ ದಿನದ್ದು, ಟೈಲರ್, ಹಿಮ್ಮಡಿ, ಜಿರಲೆ ಕೂಡ. "ನನಗೆ ನಂಬಿಕೆ ಕಡಿಮೆ ಮಾವ. ಅದಕ್ಕೇ ಪೆನ್ ಇಟ್ಟುಕೊಂಡೆ."

"ಪೆನ್ ಇಟ್ಕೊಂಡಿದ್ದು ತಪ್ಪಲ್ಲಮ್ಮಾ. ಬಚ್ಚಿಟ್ಟಿದ್ದು ತಪ್ಪು. ಅದರೊಳಗಿರೋ ಮದ್ದು ಏನು ಗೊತ್ತಾ? ಹೆದರಿದಾಗ ನಿನ್ನ ಮೈಯೇ ತಯಾರಿಸತ್ತಂತೆ, ಅದೇ. ಆಸ್ಪತ್ರೆ ಡಾಕ್ಟರ್ ಹೇಳಿದ್ರು. ದೇವರು ಮೊದಲೇ ಒಳಗಿಟ್ಟಿದ್ದ. ಮನುಷ್ಯ ನೋಡಿ ಕಲ್ತ."

ಹೆದರಿದಾಗ. ಅಂದರೆ ಹೆದರಿಕೆಗೂ ಒಂದು ಕೆಲಸ ಕೊಟ್ಟಿದ್ದಾನೆ. 

ಏಪ್ರಿಲ್ 9, ಬುಧವಾರ. ಬೆಳಿಗ್ಗೆ 7.50

ಪೆಟ್ಟಿಗೆಗಳು ಊರಾಚೆಯ ಹಣ್ಣಿನ ತೋಟಕ್ಕೆ ಹೋಗುತ್ತಿವೆ. ಮಾರಿಲ್ಲ. ತೋಟದವರು ಬಹಳ ದಿನದಿಂದ ಕೇಳುತ್ತಿದ್ದರಂತೆ, ಹೂವಿಗೆ ಜೇನು ಬೇಕೆಂದು. ಇವರು ದಿನಾ ಹೋಗಿಬರುತ್ತಾರೆ, ಬಟ್ಟೆ ಅಲ್ಲೇ ಬದಲಾಯಿಸಿ. ನನಗೆ ಇನ್ನು ಮೂರು ವರ್ಷ ಇಂಜೆಕ್ಷನ್ — ಜೇನಿನ ವಿಷವನ್ನೇ ಚೂರು ಚೂರಾಗಿ ಕೊಟ್ಟು ಮೈಗೆ ಪರಿಚಯ ಮಾಡಿಸುತ್ತಾರಂತೆ. ಗುಣವಾಗಬಹುದು. ಆಗದೇ ಇರಬಹುದು. ದಪ್ಪ ಕನ್ನಡಕದ ಡಾಕ್ಟರ್ ಈ ಸಲ ನಕ್ಕರು, ಫೀಸ್ ಇಲ್ಲದೆ.

ಹಳದಿ ಪೆಟ್ಟಿಗೆ ಒಂದು ಉಳಿದಿದೆ. ಸಂಜೆ ಅದೂ ಹೋಗುತ್ತದೆ. ಇವತ್ತಿನ ಓದು ಇಲ್ಲೇ, ಗಾಜಿನ ಕಿಟಕಿಯ ಒಳಗೆ. ಓದುವವಳು ನಾನು! ಮಾವ ಗುರುತಿಟ್ಟಿದ್ದಾರೆ: ಭಯವಾದಾಗ ಯಾರ ಕಡೆ ತಿರುಗಬೇಕೆಂದು ಹೇಳುವ ಭಾಗ. ಮೇಲಿನ ಜೇಬಿನಲ್ಲಿ ಕನ್ನಡಕ, ಪೆನ್ಸಿಲ್. ಕೆಳಗಿನದರಲ್ಲಿ ಪೆನ್, ಈಗ ಎರಡು. ಅತ್ತೆ ಕೆಂಪು ದಾರದಲ್ಲಿ ಜೇಬಿನ ಮೇಲೆ ನನ್ನ ಹೆಸರು ಹೊಲಿದಿದ್ದಾರೆ.

ಈಗ ತಾನೇ ಇವರು ಬಾಗಿಲಲ್ಲಿ ಇಣುಕಿದರು. "ರೆಡಿನಾ? ಹೆದರಿಕೆ ಆಗ್ತಿದ್ಯಾ?"

"ತುಂಬಾ," ಎಂದೆ.

"ನಂಗೂ," ಎಂದರು.

ಗಾಜಿನ ಆಚೆ ಒಂದು ಜೇನು ಬಂದು ಕೂತಿದೆ. ನಾಲ್ಕು ಬೆರಳು ದೂರ. ಹಿಂಗಾಲಿಗೆ ಪರಾಗದ ಎರಡು ಪುಟ್ಟ ಬುಟ್ಟಿ, ತುಂಬ ತುಂಬ, ಒಂದು ಕಣವೂ ಚೆಲ್ಲಿಲ್ಲ.  ಕಣ್ಣು ಮುಚ್ಚುವುದಿಲ್ಲ. ಕಾಲು ಆರು, ರೆಕ್ಕೆ ನಾಲ್ಕು, ಮೈಮೇಲಿನ ಪಟ್ಟೆ ಒಂದು, ಎರಡು, ಮೂರು, ನಾಲ್ಕು. ಎಂಟಾಯಿತು, ಮಾವ ಕರೆಯುತ್ತಿದ್ದಾರೆ, ಓದಲು ಹೊರಟೆ.