ಅರ್ಪಿತಳಿಗೊಂದು ಎಲೆ

ಸಾರಕ್ಕಿ, ಬೆಂಗಳೂರು
೨೩ ಸೆಪ್ಟೆಂಬರ್ ೨೦೨೫, ಮಂಗಳವಾರ

ಚಿರಂಜೀವಿ ಸೌಭಾಗ್ಯವತಿ ಅರ್ಪಿತಳಿಗೆ ಅಮ್ಮನ ಆಶೀರ್ವಾದಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ನೀನೂ ವೇಣುವೂ ಬೇಗೂರಿನಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ಹಿರಿಯರ ಹಬ್ಬಕ್ಕೆ ಮೊದಲೇ ಬರೆಯಬೇಕೆಂದಿದ್ದೆ, ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನ್ ಇರುವಾಗ ಅಮ್ಮನಿಗೆ ಪತ್ರದ ಹುಚ್ಚು ಯಾಕೆ ಹಿಡಿಯಿತೆಂದು ನಗುತ್ತೀಯೇನೋ. ಫೋನಿನಲ್ಲಿ ನಾವು ಮಾತಾಡುವುದು ಇಷ್ಟೇ ತಾನೆ: ಊಟ ಆಯ್ತಾ, ಆಯ್ತು, ಏನು ಸಾರು. ಅಷ್ಟರಲ್ಲಿ ನಿಮ್ಮಪ್ಪ ಕೆಮ್ಮುತ್ತಾ ಒಳಗೆ ಬರುತ್ತಾರೆ, ನಾನು ಫೋನನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತೇನೆ. ಅವರ ಮಾತು ಮೀರಿ ನೀನು ವೇಣುವನ್ನು ಮದುವೆಯಾದಾಗಿನಿಂದ ಅವರು ನಿನ್ನ ಹೆಸರು ಹಿಡಿದು ಒಂದು ಮಾತೂ ಆಡಿರಲಿಲ್ಲ, ಅದು ನಿನಗೂ ಗೊತ್ತು.

ಮೊದಲು ಸುದ್ದಿ ಕೇಳು. ನಿಮ್ಮಪ್ಪ ಕಾದಂಬರಿ ಓದುತ್ತಿದ್ದಾರೆ. ಪೇಪರಿನಲ್ಲಿ ಸೈಟಿನ ಜಾಹೀರಾತು ಬಿಟ್ಟು ಬೇರೇನನ್ನೂ ಕಣ್ಣೆತ್ತಿ ನೋಡದ ನಿಮ್ಮಪ್ಪನೇ, ಸುಳ್ಳಲ್ಲ.

ಇದಕ್ಕೆಲ್ಲ ಕಾರಣ ಮೇಘಶ್ರೀ. ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದಿರುವ ಹುಡುಗಿ, ಜೆ.ಪಿ. ನಗರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಶನಿವಾರ ಮಧ್ಯಾಹ್ನ ಅಲ್ಲಿನ ಲೈಬ್ರರಿಯಲ್ಲಿ ‘ಕೂಡಿ ಓದು’ ಅಂತ ನಡೆಸುತ್ತಾಳೆ. ಒಂದೊಂದು ಸಲ ಒಂದೊಂದು ದೇಶದ ಪುಸ್ತಕ, ಕನ್ನಡಕ್ಕೆ ಬಂದಿರುವಂಥದ್ದು. ಕಾಲೇಜಿನ ಮಕ್ಕಳು ಸರದಿಯ ಮೇಲೆ ಗಟ್ಟಿಯಾಗಿ ಓದುತ್ತಾರೆ. ಸುತ್ತಮುತ್ತಲಿನ ಬೀದಿಯವರು ಹೋಗಿ ಕೂತು ಕೇಳಬಹುದು, ಓದಬಹುದು, ಜಗಳವನ್ನೂ ಆಡಬಹುದು. ಆ ದೇಶದ ಜನ ಏನು ಉಣ್ಣುತ್ತಾರೆ, ಹೇಗೆ ಮದುವೆ ಮಾಡುತ್ತಾರೆ, ಯಾವುದಕ್ಕೆ ಅಳುತ್ತಾರೆ ಅಂತ ತಿಳಿಯುವುದಕ್ಕೆ ಇದೆಲ್ಲ. ಕಾಲೇಜೆಂದರೆ ಗೇಟಿನಲ್ಲಿ ಸೆಕ್ಯೂರಿಟಿಯವನು ತಡೆಯುವ ಜಾಗವೆಂದುಕೊಂಡಿದ್ದ ನಮ್ಮಂಥವರನ್ನು ಅವಳು ಮನೆಬಾಗಿಲಿಗೆ ಬಂದು ಕರೆದಳು. ನಿನಗಿಂತ ಚಿಕ್ಕವಳು, ಆದರೂ ಅವಳನ್ನು ಕಂಡರೆ ನನಗೆ ಗೌರವ.

ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಮುನಿಯಕ್ಕನೂ ಬರುತ್ತಾಳೆ. ಈ ಸಲ ಜಪಾನಿನ ಪುಸ್ತಕ. ಅವರು ಕಡ್ಡಿಯಲ್ಲಿ ಊಟ ಮಾಡುತ್ತಾರೆಂದು ಓದಿದಾಗ ಅವಳು, "ಅಯ್ಯೋ, ಮುದ್ದೆ ಹೆಂಗವ್ವ ಮುರೀತಾರೆ?" ಅಂದಳು. ಎಲ್ಲರೂ ನಕ್ಕರು. ಮೇಘಶ್ರೀ ನಗಲಿಲ್ಲ. ಮುಂದಿನ ವಾರ ಕಡ್ಡಿಗಳನ್ನೇ ತಂದು ಎಲ್ಲರ ಕೈಗೂ ಕೊಟ್ಟಳು. ಇಡೀ ಲೈಬ್ರರಿ ಕಡ್ಲೆಬೀಜ ಹಿಡಿಯುವುದಕ್ಕೆ ಒದ್ದಾಡಿತು. ನಿಮ್ಮಪ್ಪನ ಕಡ್ಡಿಗೆ ಒಂದೂ ಸಿಗಲಿಲ್ಲ, ಬೀಜವೇ ಸರಿಯಿಲ್ಲ ಅಂದರು.

ಅವರು ಅಲ್ಲಿಗೆ ಹೇಗೆ ಬಂದರೆಂದು ಕೇಳುತ್ತೀಯ. "ಬಾಡಿಗೆಗೆ ಇರೋರ ಹತ್ರ ನಾನು ಪಾಠ ಹೇಳಿಸ್ಕೊಳ್ಬೇಕಾ?" ಅಂತ ಮೊದಲು ಹಾರಾಡಿದರು. ಆಮೇಲೆ ನನ್ನನ್ನು ಸ್ಕೂಟರಿನಲ್ಲಿ ಬಿಡಲು ಬಂದು ಹೊರಗಿನ ಬೆಂಚಿನಲ್ಲಿ ಕೂತರು. ಮುಂದಿನ ವಾರ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡರು. ಈಗ ಮೇಜಿನ ತುದಿಯಲ್ಲಿ ಕನ್ನಡಕ ಏರಿಸಿಕೊಂಡು ಕೂತು, ಮಕ್ಕಳು ಸಾಲು ಹಾರಿಸಿದರೆ ತಿದ್ದುತ್ತಾರೆ.

ಇನ್ನು ಒಂದು ಶನಿವಾರದ ವಿಷಯ ಹೇಳಬೇಕು. ಕಥೆಯಲ್ಲಿ ಒಂದು ಸಮುದ್ರದಂಡೆಯ ಊರು. ಅಪ್ಪನೊಡನೆ ಜಗಳವಾಡಿ ಮಗ ದೂರದ ಪಟ್ಟಣಕ್ಕೆ ಹೋಗಿದ್ದಾನೆ. ತಾಯಿ ಪ್ರತಿದಿನ ಅವನು ಕೂರುತ್ತಿದ್ದ ಜಾಗದಲ್ಲಿ ಒಂದು ಬಟ್ಟಲು ಅನ್ನ ಬಡಿಸಿಡುತ್ತಾಳೆ. ಅಷ್ಟು ಓದುವುದೇ ತಡ, ನಿಮ್ಮಪ್ಪ ಪುಸ್ತಕ ಮಡಿಚಿದರು. "ಹುಡುಗ ಸತ್ತೋಗವ್ನೆ. ಮುಂದಕ್ಕೆ ಓದೋದೇನಿದೆ?" ಅಂದರು. ನಾವು ಸಾರಕ್ಕಿಯವರೆಲ್ಲ ತಲೆಯಾಡಿಸಿದೆವು. ಮುನಿಯಕ್ಕ ಕಣ್ಣೊರೆಸಿಕೊಂಡಳು. ಹಿರಿಯರ ಹಬ್ಬ ಹತ್ತಿರ ಬಂದಿತ್ತು ನೋಡು. ಆಳಿಲ್ಲದ ಜಾಗದಲ್ಲಿ ಎಲೆ ಹಾಕಿ ಬಡಿಸಿದರೆ ಅದು ಸತ್ತವರಿಗೆ ಇಟ್ಟ ಎಡೆ, ನಮಗೆ ಬೇರೆ ಅರ್ಥವೇ ಹೊಳೆಯುವುದಿಲ್ಲ.

ಮೇಘಶ್ರೀ, "ಇಲ್ಲ ಅಂಕಲ್, ಅವನು ಬದುಕಿದ್ದಾನೆ," ಅಂದಳು. "ಅಲ್ಲಿ ಕೆಲವು ಮನೆಗಳಲ್ಲಿ ದೂರ ಹೋದವ್ರಿಗೆ ಹೀಗೆ ಬಡಿಸಿಡೋರಂತೆ. ಹೋದ ಕಡೆ ಹಸ್ಕೊಂಡಿರಬಾರ್ದು, ಕ್ಷೇಮವಾಗಿ ವಾಪಸ್ ಬರ್ಲಿ ಅಂತ."

"ಬದುಕಿರೋರಿಗೆ ಯಾರಾದ್ರೂ ಎಡೆ ಇಡ್ತಾರೇನಮ್ಮ?" ನಿಮ್ಮಪ್ಪನ ದನಿ ಲೈಬ್ರರಿಯಲ್ಲಿ ಆಡುವ ದನಿಯಾಗಿರಲಿಲ್ಲ.

"ಅದು ಎಡೆ ಅಲ್ಲ ಅಂಕಲ್. ಅವನ ಪಾಲಿನ ಊಟ. ಅವನು ಇನ್ನೂ ಈ ಮನೆಯವನೇ ಅನ್ನೋದಕ್ಕೆ."

ಪಾಪ, ಆ ಹುಡುಗಿಗೆ ನಮ್ಮ ಮನೆಯ ವಿಷಯ ಏನೂ ಗೊತ್ತಿಲ್ಲ. ಪುಸ್ತಕದಲ್ಲಿದ್ದದ್ದನ್ನು ಹೇಳಿದಳು ಅಷ್ಟೆ. ನಿಮ್ಮಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಮತ್ತೆ ಒರೆಸಿದರು, ಹಾಕಿಕೊಳ್ಳಲಿಲ್ಲ. ಮನೆಗೆ ಬರುವಾಗ ನಮ್ಮ ತಿರುವನ್ನು ದಾಟಿ ಕೆರೆಯವರೆಗೂ ಸ್ಕೂಟರ್ ಓಡಿಸಿಕೊಂಡು ಹೋದರು. ವಾಪಸ್ ಬರುವಾಗ, "ಆ ಹುಡುಗ ಕೊನೇಗೆ ಬರ್ತಾನಾ?" ಅಂದರು. "ನೀವೇ ಓದಿ," ಅಂದೆ. ಆ ವಾರವೆಲ್ಲ ಜಗುಲಿಯಲ್ಲಿ ಕೂತು ಬೆರಳಿಟ್ಟುಕೊಂಡು ಓದಿದರು. ಮುಗಿಸಿದ ದಿನ ಪುಸ್ತಕವನ್ನು ದೇವರ ಗೂಡಿನ ಪಕ್ಕದಲ್ಲಿಟ್ಟರು. ಎಷ್ಟು ಸಿಟ್ಟಿನ ಮನುಷ್ಯನಾದರೂ ಅವತ್ತು ನನಗೆ ಅವರನ್ನು ಕಂಡು ಹೆಮ್ಮೆಯಾಯಿತು ಕಣೆ. ಈ ವಯಸ್ಸಿನಲ್ಲಿ ಯಾವುದೋ ದೇಶದ ಮನೆಯೊಳಗೆ ಹೋಗಿ ಕೂತು, ತನ್ನ ಮನೆಯನ್ನು ನೋಡಿಕೊಳ್ಳುವುದು ಎಲ್ಲರಿಗೂ ಬರುವುದಿಲ್ಲ.

ಆಯುಧಪೂಜೆಗೆ ಬಾ, ಪುಟ್ಟಿ. ವೇಣುವನ್ನೂ ಕರೆದುಕೊಂಡು ಬಾ. ಹಿಂದೆ ಕರೆದಾಗ ನಿಮ್ಮಪ್ಪ ಬಾಗಿಲಲ್ಲೇ ನಿಲ್ಲಿಸಿಬಿಟ್ಟರೆ ಏನು ಮಾಡುವುದೆಂದು ನನಗೇ ಭಯವಿತ್ತು. ಈಗ ಆ ಭಯವಿಲ್ಲ. ಯಾಕೆಂದು ಕೆಳಗೆ ಬರೆಯುತ್ತೇನೆ. ಓದಿ ನೀನು ಬರದೇ ಹೋದರೂ ನಾನು ತಪ್ಪು ತಿಳಿಯುವುದಿಲ್ಲ.

ನಿಮ್ಮಿಬ್ಬರ ಬಾಳು ತಂಪಾಗಿರಲಿ, ಹೊಟ್ಟೆ ತುಂಬಿರಲಿ, ಮನೆ ನಗುತ್ತಿರಲಿ.

ನಿನ್ನ ಅಮ್ಮ,
ಅಂಜನಮ್ಮ

ಮರೆತಿದ್ದಕ್ಕೆ ಕೊನೆಯಲ್ಲಿ ಬರೆಯುತ್ತಿಲ್ಲ, ಬರೆಯಲು ಕೈ ಬಂದಿರಲಿಲ್ಲ. ನೀನು ಮನೆ ಬಿಟ್ಟು ಹೋದ ವರ್ಷದಿಂದ ಹಿರಿಯರ ಹಬ್ಬದಲ್ಲಿ ನಿಮ್ಮಪ್ಪ ತಾತ ಅಜ್ಜಿಯ ಎಲೆಗಳ ಪಕ್ಕದಲ್ಲಿ ನಿನಗೂ ಒಂದು ಎಲೆ ಹಾಕಿಸುತ್ತಿದ್ದರು, ನಮ್ಮ ಪಾಲಿಗೆ ಅವಳು ಸತ್ತಳು ಅಂತ. ನಿನಗಿಷ್ಟವಾದ ಆಲೂಗಡ್ಡೆ ಬೋಂಡ ನಾನೇ ಕರಿದು ಬಡಿಸುತ್ತಿದ್ದೆ. ಸತ್ತವರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತೇವಲ್ಲ, ಆಗ ನಾನು, ನನ್ನ ಮಗಳು ಒಳಗಿಲ್ಲ, ಬೇಗೂರಿನಲ್ಲಿದ್ದಾಳೆ ಅಂತ ಬಾಯೊಳಗೇ ಹೇಳಿಕೊಳ್ಳುತ್ತಿದ್ದೆ. ಈ ಪತ್ರದ ಮೊದಲಿಗೆ ಚಿರಂಜೀವಿ ಅಂತ ಬರೆದು ಅದನ್ನೇ ತುಂಬ ಹೊತ್ತು ನೋಡುತ್ತಾ ಕೂತಿದ್ದೆ.

ಮೊನ್ನೆ ಭಾನುವಾರ, ಹಬ್ಬದ ದಿನ, ಎಡೆಯೆಲ್ಲ ಇಟ್ಟಾದ ಮೇಲೆ ನಿಮ್ಮಪ್ಪ ಒಳಗೆ ಹೋಗಿ, ನಿನ್ನ ಎಲೆಯನ್ನು ದೊಡ್ಡ ತಟ್ಟೆಗೆ ಜಾರಿಸಿಕೊಂಡು ಎರಡೂ ಕೈಯಲ್ಲಿ ಹಿಡಿದು ಈಚೆ ತಂದರು. ನಡುಮನೆಯಲ್ಲಿ ತಾವು ಊಟಕ್ಕೆ ಕೂರುವ ಜಾಗದ ಪಕ್ಕದಲ್ಲಿಟ್ಟರು. ಹಿರಿಯರ ಕೋಣೆಯ ಬಾಗಿಲು ಮುಚ್ಚಿ, ತಲೆಬಾಗಿಲನ್ನೂ ಹಾಕಲು ಹೋದೆ.

"ಅದನ್ನ ಹಾಕ್ಬೇಡ ಕಣೇ," ಅಂದರು. "ಅರ್ಪಿತ ಬಂದ್ರೆ?"

ಬೋಂಡ ತಣ್ಣಗಾಗುವವರೆಗೂ ಕಾದು, ಆಮೇಲೆ ನಾವಿಬ್ಬರೂ ಊಟಕ್ಕೆ ಕೂತೆವು.