ಬೆಣ್ಣೆ ಕಾರ್ಖಾನೆ ಇದ್ದ ಮೂಲೆಯಲ್ಲಿ ಎಡಕ್ಕೆ

ಮಾನ್ಯ ಕೌಂಟಿ ನಕಾಶೆ ಅಧಿಕಾರಿಗಳೇ,

ನಮ್ಮ ಊರು ವೆಂಗರ್‌ನ ಹೆಸರನ್ನು ಬರುವ ತಿಂಗಳಿಂದ ವಿಳಾಸದಿಂದಲೇ ತೆಗೆಯುತ್ತೀರಂತೆ. ಇನ್ನು ನಾವು ಪಕ್ಕದ ಪಟ್ಟಣದವರು. ನಮ್ಮ ಬೀದಿ ಬರೀ ಒಂದು ಅಂಕಿ. ಕಾರಣವನ್ನೂ ಕೊಟ್ಟಿದ್ದೀರಿ: ಇಲ್ಲಿಯ ಜನರಿಗೆ ಸರಿಯಾಗಿ ದಾರಿ ಹೇಳಲು ಬರುವುದಿಲ್ಲ.

ಒಪ್ಪಿದೆ. ಬರುವುದಿಲ್ಲ. ಇರುವುದನ್ನು ಗುರುತಾಗಿ ಹೇಳೋಣವೆಂದರೆ ಇಲ್ಲಿ ಏನು ಉಳಿದಿದೆ? ರೈಲು ನಿಂತಿತು, ಶಾಲೆ ಮುಚ್ಚಿತು, ಅಂಚೆ ಕಚೇರಿಯನ್ನು ನಿಮ್ಮಂಥವರೇ ಹೊತ್ತುಕೊಂಡು ಹೋದರು. ಹಾಗಾಗಿ ನಾವು ಇಲ್ಲದ್ದನ್ನು ಹಿಡಿದು ದಾರಿ ಹೇಳುತ್ತೇವೆ.

ನನ್ನ ನೆರೆಯಾಕೆ, ವಯಸ್ಸಾದ ಆರ್ಡಿತ್, ಈ ಚಳಿಗಾಲದ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಜಾರಿ ಸೊಂಟ ಮುರಿದುಕೊಂಡರು. ನೆಲದ ಮೇಲೆ ಬಿದ್ದಲ್ಲಿಂದಲೇ ಆಂಬುಲೆನ್ಸ್‌ಗೆ ಫೋನು ಮಾಡಿದ್ದಾರೆ; ಆ ಕಡೆ ಎತ್ತಿದ್ದು ಒಬ್ಬ ಹುಡುಗಿ.

"ವೆಂಗರ್ ಕಣಮ್ಮ. ಬೆಣ್ಣೆ ಕಾರ್ಖಾನೆ ಇತ್ತಲ್ಲ, ಅಲ್ಲಿ ಎಡಕ್ಕೆ ತಿರುಗಿ."

"ನನ್ನ ಪರದೆ ಮೇಲೆ ಬೆಣ್ಣೆ ಕಾರ್ಖಾನೆ ಕಾಣ್ತಿಲ್ಲ ಅಜ್ಜಿ."

"ಹೇಗೆ ಕಾಣತ್ತೆ ಮಗಳೇ? ಅದು ಸುಟ್ಟುಹೋದಾಗ ನಿಮ್ಮಮ್ಮನೂ ಹುಟ್ಟಿರಲಿಲ್ಲವೇನೋ!"

ಆ ಪರದೆಯಲ್ಲಿ ವೆಂಗರ್ ಕೂಡ ಇರಲಿಲ್ಲ. ನಮಗೆ ತಿಳಿಸುವ ಮೊದಲೇ ನೀವು ಅಲ್ಲಿಂದ ಅದನ್ನು ಅಳಿಸಿದ್ದಿರಿ. ಗಾಡಿ ಪಕ್ಕದ ಪಟ್ಟಣದ ಬೀದಿಗಳಲ್ಲಿ ಸುತ್ತುತ್ತಿತ್ತು. ಕೊನೆಗೆ ಆರ್ಡಿತ್ ನನಗೇ ಫೋನು ಮಾಡಿದರು. "ಕರ್ಟ್, ಹೆದ್ದಾರೀಲಿ ಹೋಗಿ ನಿಂತ್ಕೊಳೋ. ಇವರಿಗೆ ನಾವು ಕಾಣಿಸ್ತಿಲ್ಲ." ಹಿಮದಲ್ಲಿ ಕೆಂಪು ಟವೆಲ್ ಬೀಸುತ್ತಾ ನಿಂತೆ. ಗಾಡಿ ಬಂತು. ಚಾಲಕ ಕಿಟಕಿ ಇಳಿಸಿ, "ಇಲ್ಲೊಂದು ಊರಿದ್ಯಾ ಸಾರ್?" ಎಂದ.

"ಊರೊಳಗೇ ನಿಂತಿದ್ದೀಯಪ್ಪ" ಎಂದೆ.

ಗೊಂದಲ ಯಾವುದರಿಂದಾಯಿತು ಮಾನ್ಯರೇ? ಹೆಸರಿದ್ದದ್ದರಿಂದಲೋ, ಅಳಿಸಿದ್ದರಿಂದಲೋ?

ಊರೆಂದರೆ ಜನಸಂಖ್ಯೆ ಎಂದು ನೀವು ವಾದಿಸಬಹುದು. ಒಮ್ಮೆ ನಮ್ಮ ಅಗ್ನಿಶಾಮಕ ಠಾಣೆಯಲ್ಲಿ ಭಾನುವಾರ ಬೆಳಿಗ್ಗೆ ಪ್ಯಾನ್‌ಕೇಕ್ ತಿನ್ನಲು ಬನ್ನಿ, ಊರಿನವರೆಲ್ಲ ಅಲ್ಲಿ ಸೇರುತ್ತೇವೆ. ಸತ್ತವರ ಕುರ್ಚಿಯಲ್ಲಿ ನಾವು ಯಾರೂ ಕೂರುವುದಿಲ್ಲ. ಅದು ಇಲ್ಲಿಯ ಪದ್ಧತಿ. ಹೀಗಾಗಿ ಉದ್ದನೆಯ ಮೇಜುಗಳ ತುಂಬ ಖಾಲಿ ಕುರ್ಚಿಗಳು, ನಡುವೆ ಅಲ್ಲೊಬ್ಬರು ಇಲ್ಲೊಬ್ಬರು. ಸಕ್ಕರೆ ಪಾಕ ಬೇಕಾದರೆ ಕೂಗಬೇಕು. "ಏಯ್ ಮಾರ್ವಿನ್, ಪಾಕ ಕಳ್ಸೋ, ಅಲ್ಲೇ ಕುಡಿದು ಮುಗಿಸ್ಬೇಡ!" ಎಂದು ಈ ತುದಿಯಿಂದ ಕೂಗಿದರೆ, ಮಾರ್ವಿನ್ ಎದ್ದು ಅಷ್ಟೂ ಕುರ್ಚಿಗಳನ್ನು ದಾಟಿ ತಂದುಕೊಡುತ್ತಾನೆ. ಹತ್ತಿರ ಸರಿದು ಕೂತರೆ ಸುಲಭ. ಆದರೆ ಯಾರ ಜಾಗವನ್ನು ತುಳಿದು ಸರಿಯುವುದು? ನಿಮ್ಮ ಕಚೇರಿಗೆ ಈ ಪ್ರಶ್ನೆ ಎಂದೂ ಬಂದಂತಿಲ್ಲ.

ನಮ್ಮ ಬೀದಿಯಲ್ಲಿ ಸಂಜೆ ಎರಡು ಮನೆಗಳಲ್ಲಿ ದೀಪ ಹತ್ತುತ್ತಿತ್ತು: ಆರ್ಡಿತ್ ಮನೆಯಲ್ಲಿ, ನನ್ನ ಮನೆಯಲ್ಲಿ. ಅವರು ಆಸ್ಪತ್ರೆ ಸೇರಿದ ಮೇಲೆ ನನ್ನದೊಂದೇ. ಒಂದೇ ದೀಪವನ್ನು ಬೀದಿ ಎಂದು ಕರೆಯಲು ನನಗೂ ನಾಲಿಗೆ ತಡೆಯುತ್ತದೆ.

ಮೊನ್ನೆ ನೋಡಲು ಹೋದಾಗ ಆರ್ಡಿತ್ ನಗುತ್ತಿದ್ದರು. "ಮುಂದಿನ ತಿಂಗಳು ಮನೆಗೆ ಬಿಡ್ತಾರಂತೆ ಕಣೋ. ಆಸ್ಪತ್ರೆ ಗಾಡೀಲೇ ಕಳಿಸ್ತಾರೆ. ನೀನು ಒಲೆ ಹಚ್ಚಿಟ್ಟಿರು, ಸಾಕು."

ನಿಮ್ಮ ಆದೇಶ ಜಾರಿಯಾಗುವುದೂ ಮುಂದಿನ ತಿಂಗಳೇ. ಅವರಿಗೆ ಅದಿನ್ನೂ ಗೊತ್ತಿಲ್ಲ; ಒಲೆ ಹಚ್ಚಿಡ್ತೀನಿ ಎಂದಷ್ಟೇ ಹೇಳಿ ಬಂದೆ.

ನನ್ನ ಒತ್ತಾಯ ಇಷ್ಟೆ. ಆದೇಶ ಹಿಂತೆಗೆದುಕೊಳ್ಳಿ, ಆಂಬುಲೆನ್ಸಿನ ಪರದೆಗೂ ನಮ್ಮ ಹೆಸರನ್ನು ಮರಳಿ ಸೇರಿಸಿ. ಎಲ್ಲಿಗೆ ಹೋಗಬೇಕಮ್ಮ ಎಂದು ಆ ಆಸ್ಪತ್ರೆ ಗಾಡಿಯ ಚಾಲಕ ಕೇಳಿದಾಗ ಆರ್ಡಿತ್ ಒಂದೇ ಮಾತು ಹೇಳುತ್ತಾರೆ, ವೆಂಗರ್ ಅಂತ. ಅಂಥದ್ದೊಂದು ಊರಿಲ್ಲ ಎಂದು ಅವರಿಗೆ ಯಾರೂ ಹೇಳುವಂತಾಗಬಾರದು.

ಇಂತಿ,
ಸದ್ಯಕ್ಕೆ ವೆಂಗರ್‌ನವನೇ ಆದ,
ಕರ್ಟ್ ಹಾಗೆಮನ್